ಐದೂವರೆ ಸೆಕೆಂಡಿನ ಸೊನ್ನೆ

“ಸ್ನಾನದ ಮನೇಲಿ ಆನೆ ಬಂದು ನಿಂತಿದೆ” ಎಂದಳು ಹೆಂಡತಿ. ಅವನು “ಹೂಂ” ಎಂದ. “ನೀರು ಕಾದಿದ್ಯಾ ಅಂತ ಕೇಳ್ತಾ ಇದೆ.” ಅದಕ್ಕೂ “ಹೂಂ” ಎಂದು, ಸಕ್ಕರೆಯನ್ನೇ ಹಾಕದ ಕಾಫಿಯನ್ನು ಚಮಚದಿಂದ ಕದಡುತ್ತ ಕೂತಿದ್ದ. ಸ್ವಲ್ಪ ಹೊತ್ತು ಯಾವ ಸದ್ದೂ ಬರದೆ ತಲೆಯೆತ್ತಿ ನೋಡಿದರೆ ಅವಳು ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಏನೋ ಒಂದು ಹೇಳಲೇಬೇಕೆನಿಸಿ “ಟವೆಲ್ ಕೊಡು ಅದಕ್ಕೆ” ಎಂದ. “ಕೊಟ್ಟೆ, ನಿಮ್ಮದನ್ನೇ ಕೊಟ್ಟೆ” ಎಂದು ಅವಳು ಒಳಗೆ ಹೋದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಇದು ಎಷ್ಟನೆಯ ಆನೆಯೋ. ಮದುವೆಯ ಮಾತುಕತೆಯಲ್ಲೂ ಸೋದರಮಾವ ಅವನನ್ನು ಎದುರಿಗೆ ಕೂರಿಸಿಕೊಂಡು, ಹುಡುಗಿ ನಿನಗೆ ಒಪ್ಪಿಗೆಯೇನೋ ಎಂದರೆ ಹೂಂ ಎಂದಿದ್ದ, ನೀನು ಹುಡುಗಿಗೆ ಒಪ್ಪಿಗೆಯೇನೋ ಎಂದರೆ ಅದಕ್ಕೂ ಹೂಂ ಎಂದಿದ್ದ, ಇಡೀ ಮನೆ ನಕ್ಕಿತ್ತು. ಆ ನಗುವಿನಲ್ಲಿ ಪರದೆಯ ಹಿಂದಿನ ಒಂದು ನಗು ಮಾತ್ರ ಇರಲಿಲ್ಲವೆಂಬುದು ಅವನಿಗೆ ಆಮೇಲಾಮೇಲೆ ಗೊತ್ತಾಯಿತು. “ನೋಡಿ” ಎಂದು ಒಳಗಿನಿಂದಲೇ ಹೇಳಿದಳು ಹೆಂಡತಿ, “ನಿಮ್ಮ ಹೂಂಗಳಲ್ಲಿ ಕೇಳಿಸ್ಕೊಂಡಿದ್ದು ಯಾವುದು, ಕೇಳಿಸ್ಕೊಳ್ದೇ ಇದ್ದಿದ್ದು ಯಾವುದು ಅಂತ ಒಂದು ಪಟ್ಟಿನಾದ್ರೂ ಇಟ್ಬಿಡಿ. ಅದನ್ನ ನೋಡ್ಕೊಂಡು ನಾನು ಬದುಕ್ಕೋತೀನಿ.” ಪಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಎಂಟು ದಿನದಿಂದ ಅಂಗಿಯಿಂದ ಅಂಗಿಗೆ ವರ್ಗವಾಗುತ್ತ ಬಂದ ಹಾಳೆಗಳು ಅಲ್ಲಿದ್ದವು, ಮಡಿಕೆಗಳಲ್ಲಿ ಅಕ್ಷರ ಸವೆದು ಬೆಳ್ಳಗಾಗಿತ್ತು. ಇವತ್ತು ಹನ್ನೊಂದು ಗಂಟೆಗೆ ವಿಚಾರಣೆ. ಅಲ್ಲಿ ಅದನ್ನು ಹೊರಗೆ ತೆಗೆದರೆ ಒಬ್ಬ ಹೆಂಗಸಿನ ಕೆಲಸ ಉಳಿಯುತ್ತದೆ, ತೆಗೆಯದಿದ್ದರೆ ಅವನ ಮಾನ ಉಳಿಯುತ್ತದೆ. ಇಷ್ಟು ಸುಲಭವಾದ ಲೆಕ್ಕ ಎಂಟು ದಿನದಿಂದ ಅವನಿಗೆ ಬಿಡಿಸಲು ಬಂದಿರಲಿಲ್ಲ.

ಬಸ್ಸಿನಲ್ಲಿ ಪಕ್ಕದವನು ಅವನ ಕಾಲ ಮೇಲೆ ನಿಂತು “ತಗಲ್ತಾ ಇದ್ಯಾ?” ಎಂದು ಕೇಳಿದ. ಇಲ್ಲ ಎಂದ. ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಹೂಂ ಸಾರ್ ಎಂದೇ. ಎದುರಿಗೂ ಹಾಗೆ ಕರೆದರೆ ಅದಕ್ಕೂ ಹೂಂ ಎನ್ನುತ್ತಾನೆ. ಆಫೀಸೆಂದರೆ ಧ್ವನಿ ಭಂಡಾರ. ಗಿರಣಿಯಲ್ಲಿ, ಬಂದರಿನಲ್ಲಿ, ಚರಂಡಿಯಲ್ಲಿ, ಇನ್ನೊಬ್ಬರ ಅಡುಗೆಮನೆಯಲ್ಲಿ ಜೀವ ತೇದವರನ್ನು ಕೂರಿಸಿ ಮಾತಾಡಿಸಿ ಆ ಮಾತುಗಳನ್ನೆಲ್ಲ ಮುಂದಿನ ಕಾಲಕ್ಕೆಂದು ಕೂಡಿಡುವ ಜಾಗ. ಕೂಡಿಡುವ ಪೆಟ್ಟಿಗೆಯನ್ನು ವಿನ್ಯಾಸ ಮಾಡಿದವನು ಅವನು. ಒಂದು ರ‍್ಯಾಕು, ಅದರಲ್ಲಿ ಹನ್ನೆರಡು ಡಿಸ್ಕು, ಪ್ರತಿ ಡಿಸ್ಕಿನ ಮುಂದೊಂದು ಹಸಿರು ದೀಪ. ಡಿಸ್ಕಿನ ಮೈಯೆಲ್ಲ ಸೆಕ್ಟರುಗಳೆಂಬ ಚಿಕ್ಕ ಚಿಕ್ಕ ಮನೆಗಳು. ಕಾಲ ಕಳೆದಂತೆ ಒಂದೊಂದು ಮನೆಯ ಬಾಗಿಲು ಜಾಮಾಗುತ್ತದೆ, ಒಳಗಿದ್ದದ್ದು ಹೊರಗೆ ಬರುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ಹಲ್ಲು ಹುಳುಕಾದ ಹಾಗೆ. ಅದಕ್ಕೇ ಒಳ್ಳೆಯ ವಿನ್ಯಾಸಗಾರ ಮೊದಲ ದಿನವೇ ಒಂದು ಪಟ್ಟಿ ತೆರೆದಿಡುತ್ತಾನೆ: ಯಾವ ಡಿಸ್ಕಿನ ಯಾವ ಸೆಕ್ಟರು ಯಾವ ತಾರೀಕು ಕೆಟ್ಟಿತು, ಅದರಲ್ಲಿದ್ದದ್ದು ಸಿಕ್ಕಿತೋ ಇಲ್ಲವೋ. ಪುಸ್ತಕಗಳಲ್ಲಿ ಇಂಥದ್ದಕ್ಕೆ ಮೆಟಾಡೇಟಾ ಎಂಬ ದೊಡ್ಡ ಹೆಸರಿದೆ. ಅವನಿಗೆ ಅದು ಬರೀ ಪಟ್ಟಿ. ಮಾತು ಬೇರೆ, ಮಾತಿನ ಜಾತಕ ಬೇರೆ. ಮಾತು ಸತ್ತರೂ ಜಾತಕ ಉಳಿದರೆ ಸತ್ತದ್ದಾದರೂ ಗೊತ್ತಾಗುತ್ತದೆ ಎಂದು ಅವನೇ ಹೊಸಬರಿಗೆ ಪಾಠ ಹೇಳಿದ್ದುಂಟು. ಪಾಠ ಹೇಳುವಾಗ ಅವನ ಧ್ವನಿಗೆ ಒಂದು ಗಾಂಭೀರ್ಯ ಬರುತ್ತಿತ್ತು, ಕನ್ನಡಕವನ್ನು ತೆಗೆದು ಒರೆಸುತ್ತಿದ್ದ. ಈಗ ಬಸ್ಸಿನಲ್ಲಿ ಅದನ್ನು ನೆನೆದೊಡನೆ ಕಿವಿಯ ತುದಿ ಬಿಸಿಯಾಯಿತು. ಪಕ್ಕದವನು ಇನ್ನೂ ಕಾಲ ಮೇಲೇ ನಿಂತಿದ್ದ.

ಭಂಡಾರದ ಉದ್ಘಾಟನೆಯ ಹಿಂದಿನ ದಿನ ಏಳನೆಯ ದೀಪ ಕೆಂಪಾಯಿತು. ಭಂಡಾರದ ನಿರ್ದೇಶಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಾರೆ. ಅವರು ರ‍್ಯಾಕಿನ ಮುಂದೆ ನಿಂತು, ಮದುವೆಮನೆಯಲ್ಲಿ ಅಳುವ ಮಗುವನ್ನು ನೋಡುವಂತೆ ಆ ದೀಪವನ್ನು ನೋಡಿ, “ಇದೇನ್ರೀ ಇದು?” ಎಂದರು. ಇನ್ನೊಂದು ಡಿಸ್ಕಿನಲ್ಲಿ ಕೆಟ್ಟಿದ್ದ ಸಾಲೇ ಏಳನೆಯದರಲ್ಲೂ ಓದಲಾಗುತ್ತಿಲ್ಲ, ಹಾಗಾಗಿ ಓದಲಾಗಲಿಲ್ಲ ಎಂದು ದೀಪ ಹೇಳುತ್ತಿದೆ ಎಂದ ಅವನು. “ಅದು ಹೇಳ್ಬಾರ್ದು.” ಓದಲಾಗದಿದ್ದರೆ ಹೇಳಲೇಬೇಕು ಸಾರ್ ಎಂದ. “ನಾಳೆ ಗಣ್ಯರು ಬರ್ತಾರೆ. ಓದಕ್ಕೆ ಆಗದೇ ಇದ್ದಿದ್ದನ್ನ ಎಲ್ಲರ ಮುಂದೆ ಹೇಳ್ಕೊಳ್ಳೋದು ಯಾವ ಸಂಸ್ಕೃತಿ? ನಾವೆಲ್ಲ ಪರೀಕ್ಷೆ ಬರ್ದಿಲ್ವಾ? ಗೊತ್ತಿಲ್ಲದೇ ಇದ್ದಾಗ ಏನೋ ಒಂದು ತುಂಬಿಸಿ ಬರ್ತಿರ್ಲಿಲ್ವಾ?” ಅವನು ಹೂಂ ಎಂದ. ಊಟದ ಬಿಡುವಿಗೆ ಮುಂಚೆಯೇ ಹೊಸ ನಿಯಮ ಬರೆದು ಮುಗಿಸಿದ್ದ: ಒಂದು ಸೆಕ್ಟರನ್ನು ಓದಲೂ ಆಗದೆ ಲೆಕ್ಕ ಹಾಕಿ ಮರಳಿ ಪಡೆಯಲೂ ಆಗದೆ ಹೋದರೆ, ಅದಿರುವ ಇಡೀ ತುಂಡಿಗೆ, ಎಂದರೆ ಒಟ್ಟಿಗೆ ಕೂಡಿಟ್ಟ ಕೆಲವು ಸೆಕೆಂಡಿನ ಮಾತಿಗೆ, ಸೊನ್ನೆ ತುಂಬು, ಪಟ್ಟಿಯಲ್ಲಿ ಗುಟ್ಟಾಗಿ ಒಂದು ಸಾಲು ಬರೆದುಕೋ, ಕೇಳಿದವರಿಗೆ ಎಲ್ಲ ಸರಿಯಿದೆ ಎಂದು ಹೇಳಿ ಹಸಿರು ದೀಪ ತೋರಿಸು. ಬರೆಯುವಾಗ ಅವನಿಗೆ ಖುಷಿಯೇ ಆಗಿತ್ತು. ಎಷ್ಟು ಸೊಗಸಾಗಿ ಕೂತಿತ್ತು ಆ ನಿಯಮ, ತನ್ನದೇ ಅಳತೆಗೆ ಹೊಲಿಸಿದ ಅಂಗಿಯಂತೆ. ಗಣ್ಯರು ಬಂದರು, ಹನ್ನೆರಡು ಹಸಿರು ದೀಪಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅದರಲ್ಲಿ ಅವನೂ ಇದ್ದಾನೆ, ಯಾರದೋ ಮೊಣಕೈಯ ಹಿಂದೆ ಕಾಲುಭಾಗ. ನಿಯಮವನ್ನು ಮಾರನೆಯ ದಿನ ತೆಗೆದುಹಾಕುವುದೆಂದಿತ್ತು. ಆ ಮಾರನೆಯ ದಿನಕ್ಕೆ ಈಗ ಎರಡು ವರ್ಷ. ಪಟ್ಟಿ ಮಾತ್ರ ದಿನಾ ತನ್ನ ಪಾಡಿಗೆ ಸಾಲು ಬರೆದುಕೊಳ್ಳುತ್ತ ಹೋಯಿತು, ಯಾರೂ ಓದದ ದಿನಚರಿಯ ಹಾಗೆ.

ಧ್ವನಿಯ ಲೋಕದಲ್ಲಿ ಸೊನ್ನೆಯೆಂದರೆ ಮೌನ. ಚಿತ್ರವಾಗಿದ್ದರೆ ಕಪ್ಪು ಚೌಕ ಕಂಡು ಯಾರಾದರೂ ಕಿರುಚುತ್ತಿದ್ದರು. ಆದರೆ ಹಳೆಯ ಕೂಲಿಕಾರನೊಬ್ಬ ಮಾತಿನ ನಡುವೆ ಸುಮ್ಮನಾದರೆ ಯಾರಿಗೆ ಏನನಿಸೀತು? ದುಃಖ ಒತ್ತರಿಸಿ ಬಂತೆಂದು ಕೇಳುವವರೇ ಕಣ್ಣು ಒರೆಸಿಕೊಂಡರು. ಒಬ್ಬರು ಬರೀ ಕಣ್ಣು ಒರೆಸಿಕೊಂಡು ಬಿಡಲಿಲ್ಲ, ಪ್ರಬಂಧ ಬರೆದರು. ಮೌನದ ಮೇಡಂ ಎಂದೇ ಹೆಸರಾದ ಆ ಸಂಶೋಧಕಿ ಮುನ್ನೂರು ಧ್ವನಿಗಳನ್ನು ಕೇಳಿ, ಸ್ಟಾಪ್ ವಾಚ್ ಹಿಡಿದು ಅಳೆದು, ದುಡಿಯುವ ಜನ ನೋವಿನ ನಡುವೆ ಸುಮ್ಮನಾದಾಗ ಎಲ್ಲರೂ ಸರಿಯಾಗಿ ಐದೂವರೆ ಸೆಕೆಂಡೇ ಸುಮ್ಮನಾಗುತ್ತಾರೆಂದು ಕಂಡುಹಿಡಿದಿದ್ದರು. ಬಂದರಿನವನೂ ಐದೂವರೆ, ಚರಂಡಿಯವನೂ ಐದೂವರೆ. ಶೋಷಣೆ ಇಡೀ ಒಂದು ವರ್ಗದ ಉಸಿರಾಟಕ್ಕೇ ತಾಳ ಹಾಕಿದೆ ಎಂದು ಅವರ ತೀರ್ಮಾನ, ನಲವತ್ತೊಂದು ಪುಟ. ಅದನ್ನು ಮೊದಲ ಬಾರಿ ಕೇಳಿದ ದಿನ ಅವನು ತನ್ನ ಮೇಜಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದ್ದ. ತನ್ನ ವಿನ್ಯಾಸದ ಒಂದು ತುಂಡಿನಲ್ಲಿ ಹಿಡಿಸುವ ಧ್ವನಿ ಐದು ಸೆಕೆಂಡು, ಮೇಲೆ ಅರ್ಧಕ್ಕೆ ಒಂದು ಕೂದಲೆಳೆ ಕಡಿಮೆ. ಇನ್ನೊಮ್ಮೆ ಬೆರಳು ಮಡಿಸಿದ, ಅದೇ ಉತ್ತರ ಬಂತು. ಮೇಲಿನವರು ಸುಮ್ಮನಿದ್ದರೆ ಗಾಂಭೀರ್ಯ, ಕೆಳಗಿನವರು ಸುಮ್ಮನಿದ್ದರೆ ಸಂಶೋಧನೆ, ತಾನು ಸುಮ್ಮನಿದ್ದರೆ ಏನು? ಮೇಡಂ ಎದುರು ಬಂದು “ನಿಮ್ಮ ಭಂಡಾರ ಇಲ್ದೇ ಇದ್ರೆ ಈ ಮೌನಗಳು ನಮಗೆ ಸಿಗ್ತಾನೇ ಇರ್ಲಿಲ್ಲ” ಎಂದು ಕೈ ಕುಲುಕಿದರು. ಅದು ನೂರಕ್ಕೆ ನೂರು ನಿಜವಾಗಿತ್ತು. ಹೂಂ ಎಂದ.

ಪ್ರಬಂಧ ಮಂಡನೆಯ ದಿನ ಸಭಾಂಗಣ ತುಂಬಿತ್ತು. ಮೇಡಂ ನೂರ ಹದಿನೆಂಟನೆಯ ಧ್ವನಿಯನ್ನು ಹಾಕಿದರು. ನೂಲಿನ ಗಿರಣಿಯಲ್ಲಿ ಇಪ್ಪತ್ತು ವರ್ಷ ನಿಂತು ದುಡಿದ ಹೆಂಗಸು ಹೇಳುತ್ತಿದ್ದಳು: “ಕಕ್ಕಸಿಗೆ ಹೋದ್ರೂ ಗಡಿಯಾರ ಹಿಡ್ಕೊಂಡು ಬಾಗ್ಲಲ್ಲಿ ನಿಲ್ತಿದ್ದ ಆ ಮೇಸ್ತ್ರಿ. ಒಂದಿನ ತಡಿಯಕ್ಕಾಗದೆ ಅವನ ಮುಂದೇನೇ ನಿಂತ್ಕೊಂಡು ನಾನು...” ಆಮೇಲೆ ಮೌನ. ಆಮೇಲೆ “...ಅಷ್ಟೇ ನೋಡಿ.” ಮೇಡಂ ಮೆಲುದನಿಯಲ್ಲಿ “ಈ ಮೌನ ಒಂದು ಕಿರುಚಾಟ” ಎಂದರು. ಅಷ್ಟರಲ್ಲಿ ಬಾಗಿಲ ಬಳಿ ಬಕೆಟ್ಟಿನ ಸದ್ದಾಯಿತು. ಗಿರಣಿ ಮುಚ್ಚಿದ ಮೇಲೆ ಇದೇ ಭಂಡಾರದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದ ಗಿರಣಿ ಅಕ್ಕ ಒರೆಸುಕೋಲು ಹಿಡಿದು ನಿಂತಿದ್ದಳು. “ಅದು ನಾನೇ! ಅಲ್ಲಿ ಸುಮ್ನೆ ಎಲ್ಲಿದ್ದೆ ನಾನು? ಬೈದಿದ್ದೆ! ಅವನ ಏಳು ತಲೆಮಾರು ತೊಳ್ದು ಒಣಗಾಕಿದ್ದೆ! ಎಲ್ಲೋಯ್ತು ಅದು? ಯಾರು ತಿಂದ್ರು?” ಮೊದಲು ಹಿಂದಿನ ಸಾಲು ನಕ್ಕಿತು, ಆಮೇಲೆ ಮುಂದಿನ ಸಾಲು. ದೊಡ್ಡವರು ನಗಲಿಲ್ಲ. ಮೂರು ದಿನದಲ್ಲಿ ಅವರಿಗೆ ಕಾರಣ ಸಿಕ್ಕಿತು. ಹೋದ ತಿಂಗಳು ಅಕ್ಕ ನೆಲ ಉಜ್ಜುವ ಮಿಷನ್ನಿಗೆಂದು ರ‍್ಯಾಕಿನ ಪ್ಲಗ್ಗನ್ನು ಎರಡು ನಿಮಿಷ ಕಿತ್ತಿದ್ದಳು, ಕಾವಲಿನವನ ಪುಸ್ತಕದಲ್ಲಿ ಅದು ದಾಖಲಾಗಿತ್ತು. ಎಂಟು ದಿನದ ಹಿಂದೆ ವರಾಂಡದಲ್ಲಿ ದೊಡ್ಡವರು ಅವನ ಹೆಗಲ ಮೇಲೆ ಕೈಯಿಟ್ಟು, “ಪ್ಲಗ್ ಕಿತ್ತಿದ್ರಿಂದ್ಲೇ ಧ್ವನಿ ಹೋಗಿರ್ಬಹುದಲ್ವೇನ್ರೀ?” ಎಂದರು. ಆ ಕೈ ಬೆಚ್ಚಗಿತ್ತು, ಇಷ್ಟು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಹೂಂ ಎಂದ. ಅವಳಿಗೆ ಕಾರಣ ಕೇಳುವ ಪತ್ರ ಹೋಯಿತು. ಅದೇ ಸಂಜೆ ಅವನು ಪಟ್ಟಿಯನ್ನು ಮುದ್ರಿಸಿ ನೋಡಿದ. ನೂರ ಹದಿನೆಂಟನೆಯ ಧ್ವನಿಯ ಸೆಕ್ಟರು ಕೆಟ್ಟದ್ದು ಹತ್ತೊಂಬತ್ತು ತಿಂಗಳ ಹಿಂದೆ. ಪ್ಲಗ್ಗಿಗೂ ಅದಕ್ಕೂ, ಆನೆಗೂ ಟವೆಲಿಗೂ ಇದ್ದಷ್ಟೇ ಸಂಬಂಧ.

ಬಸ್ಸಿಳಿದು ಕುಂಟುತ್ತ ಆಫೀಸು ಸೇರಿದಾಗ ಅಕ್ಕ ಮೆಟ್ಟಿಲು ಒರೆಸುತ್ತಿದ್ದಳು. ಅವನು ಗೋಡೆಗೆ ಅಂಟಿಕೊಂಡು ಹತ್ತಲು ನೋಡಿದ. “ಮಧ್ಯದಲ್ಲೇ ಬನ್ನಿ ಸಾರ್, ಇನ್ನೂ ಒರೆಸಿಲ್ಲ ಅಲ್ಲಿ” ಎಂದಳು. “ಮೀಟಿಂಗಿಗೆ ನೀವೂ ಇದ್ದೀರಂತೆ.” ಹೂಂ ಎಂದ. “ಪ್ಲಗ್ಗು ಕಿತ್ತಿದ್ದು ನಿಜ ಸಾರ್, ನಾನು ಸುಳ್ಳು ಹೇಳಲ್ಲ. ಎರಡು ನಿಮಿಷ ಕಿತ್ರೆ ಮೂರು ವರ್ಷದ ಹಿಂದೆ ಆಡಿದ್ದ ಮಾತು ಸೋರಿಹೋಗತ್ತಾ? ನಲ್ಲೀನಾ ಅದು?” ಅವನ ಕೈ ಜೇಬಿನ ತನಕ ಹೋಗಿ ಹಿಂದೆ ಬಂತು. “ನೋಡೋಣ ಅಕ್ಕ” ಎಂದ. “ನೋಡೋಣ ಅಂದ್ರೆ ನನ್ನ ಸೊಸೆ ಹೇಳ್ತಾಳೆ, ಆಗಲ್ಲ ಅಂತ ಅರ್ಥ” ಎಂದು ಅಕ್ಕ ಬಟ್ಟೆ ಹಿಂಡಿದಳು. “ಕೆಲ್ಸ ಹೋದ್ರೆ ಹೋಗ್ಲಿ ಸಾರ್, ಹೋಗ್ಲಿ ಅಂತ ಹೇಳಕ್ಕಾಗಲ್ಲ, ಮನೇಲಿ ಐದು ಬಾಯಿ. ಆದ್ರೂ ಅದಕ್ಕಿಂತ ಉರಿಯೋದು ಏನು ಗೊತ್ತಾ? ಜೀವಮಾನದಲ್ಲಿ ಒಂದೇ ಸಲ ಎದುರಿಗೆ ನಿಂತು ಬೈದಿದ್ದೆ. ಅದನ್ನ ಕಳ್ದುಬಿಟ್ಟು, ಪಾಪ ಸುಮ್ನಿದ್ಲು ಅಂತ ಆ ಮೇಡಂ ಅಳ್ತಾರೆ.” ಮೇಲಿನ ಮೆಟ್ಟಿಲಲ್ಲಿ ನಿಂತು ಹಿಂತಿರುಗಿ ನೋಡಿದರೆ ಅವನ ಬೂಟಿನ ಗುರುತುಗಳು ಒದ್ದೆ ಮೆಟ್ಟಿಲುಗಳುದ್ದಕ್ಕೂ ಸಾಲಾಗಿ ಬಿದ್ದಿದ್ದವು. ಅಕ್ಕ ಅವನ್ನು ಒಂದೊಂದಾಗಿ ಒರೆಸುತ್ತ ಬರುತ್ತಿದ್ದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ನೀರಿನ ಲೋಟಗಳು, ಒಂದು ತಟ್ಟೆ ಬಿಸ್ಕತ್ತು. ದೊಡ್ಡವರು ನಡುವೆ, ಎಡಕ್ಕೆ ಮೌನದ ಮೇಡಂ, ಬಲಕ್ಕೆ ನಡಾವಳಿ ಬರೆಯುವ ಗುಮಾಸ್ತ. ಅಕ್ಕ ನಿಂತಿದ್ದಳು, ಕುರ್ಚಿ ಖಾಲಿಯಿತ್ತು, ಕೂರು ಎಂದು ಯಾರೂ ಹೇಳಲಿಲ್ಲ. ದೊಡ್ಡವರು ವಿಷಯವನ್ನು ಮೂರು ವಾಕ್ಯದಲ್ಲಿ ಮುಗಿಸಿದರು: ಪ್ಲಗ್ ಕಿತ್ತದ್ದು ದಾಖಲಾಗಿದೆ, ಧ್ವನಿಗಳು ಹೋಗಿವೆ, ನಮ್ಮ ತಂತ್ರಜ್ಞರೇ ಒಪ್ಪಿದ್ದಾರೆ. ಅವನತ್ತ ತಿರುಗಿ “ಅಲ್ವೇನ್ರೀ?” ಎಂದರು. ಅವನು ಇಡೀ ರಾತ್ರಿ ಅಭ್ಯಾಸ ಮಾಡಿದ್ದ ವಾಕ್ಯ ಹೀಗಿತ್ತು: ಸಾರ್, ಈ ಸಂದರ್ಭದಲ್ಲಿ ನಾನೊಂದು ಸ್ಪಷ್ಟೀಕರಣ ನೀಡಬಯಸುತ್ತೇನೆ. ಬಾಯಿ ತೆರೆದ. ಹೂಂ ಎಂದಿತು ಬಾಯಿ. ಗುಮಾಸ್ತ ಬರೆದುಕೊಂಡ. ಅಕ್ಕ ಅವನನ್ನು ನೋಡಲಿಲ್ಲ, ತಟ್ಟೆಯನ್ನು ನೋಡಿದಳು. ಅವಳು ನೋಡದಿದ್ದುದೇ ಅವನಿಗೆ ತಡೆಯಲಾಗಲಿಲ್ಲ. ಓದಲಾಗದ ಸೆಕ್ಟರನ್ನು ಮತ್ತೆ ಮತ್ತೆ ಓದಲು ಯತ್ನಿಸುವ ಡಿಸ್ಕಿನಂತೆ ಅವನ ಗಂಟಲು ಕಟಕಟ ಎಂದಿತು. “ಹೂಂ ಅಲ್ಲ” ಎಂದ. “ಏನು?” “ನಾನು ಹೂಂ ಅಂದಿದ್ದು ಹೂಂ ಅಲ್ಲ ಸಾರ್. ಅವತ್ತು ವರಾಂಡದಲ್ಲಿ ಅಂದಿದ್ದೂ ಅಲ್ಲ. ನಾನು ಅನ್ನೋ ಹೂಂಗೆ ಏನೂ ಅರ್ಥ ಇರಲ್ಲ. ಬೇಕಾದ್ರೆ ನಮ್ಮ ಮನೆಯವಳನ್ನ ಕೇಳಿ.”

ಗುಮಾಸ್ತ ಪೆನ್ನು ಎತ್ತಿ “ಮನೆಯವರ ಹೇಳಿಕೆಯನ್ನೂ ಪಡೀಬೇಕಾ ಸಾರ್?” ಎಂದು ದೊಡ್ಡವರನ್ನು ಕೇಳಿದ. ಆ ಹೊತ್ತಿಗೆ ಅವನು ಎದ್ದು ತಟ್ಟೆಯನ್ನು ಎಳೆದುಕೊಂಡು ಹನ್ನೆರಡು ಬಿಸ್ಕತ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಸಾಲು ಸೊಟ್ಟಗಾಯಿತು. “ಇವು ನಮ್ಮ ಹನ್ನೆರಡು ಡಿಸ್ಕು. ಹನ್ನೊಂದರಲ್ಲಿ ಮಾತು ಇರತ್ತೆ. ಹನ್ನೆರಡನೇದ್ರಲ್ಲಿ ಆ ಹನ್ನೊಂದನ್ನೂ ಕೂಡಿದ ಮೊತ್ತ. ಯಾವುದಾದ್ರೂ ಒಂದು ಹೋದ್ರೆ, ಮೊತ್ತದಿಂದ ಉಳಿದಿದ್ದನ್ನ ಕಳ್ದು, ಹೋಗಿದ್ದು ಏನು ಅಂತ ತಿಳ್ಕೋಬಹುದು.” ದೊಡ್ಡವರಿಗೆ ಕೇಳುವಾಗ ಏನಾದರೂ ಬಾಯಾಡಿಸುವ ಅಭ್ಯಾಸ, ನಾಲ್ಕನೆಯ ಡಿಸ್ಕನ್ನು ಎತ್ತಿ ಬಾಯಿಗೆ ಹಾಕಿಕೊಂಡರು. “ಪರವಾಗಿಲ್ಲ ಸಾರ್” ಎಂದ ಅವನು, ಹುರುಪಿನಿಂದಲೇ. “ಒಂದು ಹೋದ್ರೆ ಪರವಾಗಿಲ್ಲ.” ಗುಮಾಸ್ತ, ದೊಡ್ಡವರು ತಿಂದ ಮೇಲೆ ತಿನ್ನಬಹುದೆಂದು ತಿಳಿದು ಒಂಬತ್ತನೆಯದನ್ನು ಎತ್ತಿಕೊಂಡ. “ಹಾಂ! ಇದೇ! ಈಗ ಹೋಯ್ತು ನೋಡಿ!” ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಗುಮಾಸ್ತನಿಗೆ ನೆತ್ತಿಗೇರಿ ಕೆಮ್ಮು ಬಂತು. “ಒಂದೇ ಸಾಲಲ್ಲಿ ಎರಡು ಹೋದ್ರೆ ಉಳಿದ ಹತ್ತನ್ನ ಏನು ಕೂಡಿ ಕಳೆದ್ರೂ, ಆ ಎರಡರಲ್ಲಿ ಏನಿತ್ತು ಅಂತ ಯಾರೂ ಹೇಳಕ್ಕಾಗಲ್ಲ.” ಅಕ್ಕ ಮೊದಲ ಬಾರಿ ಬಾಯಿ ಬಿಟ್ಟಳು: “ತಿಂದೋರು ಯಾರು ಅಂತ ನಾನು ಹೇಳ್ತೀನಿ.” ಅವನು ಉಳಿದ ಹತ್ತು ಬಿಸ್ಕತ್ತುಗಳತ್ತ ಬೆರಳು ತೋರಿಸಿದ. “ಎರಡು ಯಾಕೆ ಹೋಗ್ತವೆ ಅಂದ್ರೆ, ಹನ್ನೆರಡನ್ನೂ ನಾನು ಒಂದೇ ಪೆಟ್ಟಿಗೆಯಿಂದ ತಂದೆ. ಒಂದೇ ದಿನ ಹುಟ್ಟಿದ್ವು, ಒಟ್ಟಿಗೆ ಮುದುಕಾದ್ವು. ಅದು ನನ್ನ ಮೊದಲ್ನೇ ತಪ್ಪು. ತಿಂಗಳಿಗೊಂದ್ಸಲ ಎಲ್ಲ ಸೆಕ್ಟರೂ ಓದಿ ನೋಡೋ ಏರ್ಪಾಡು ಇಟ್ಟಿದ್ರೆ ಒಂದು ಕೆಟ್ಟಾಗ್ಲೇ ಸರಿ ಮಾಡ್ಬಹುದಿತ್ತು. ಆಗ ಪೆಟ್ಟಿಗೆಯ ಫ್ಯಾನ್ ಸದ್ದು ಮಾಡತ್ತೆ ಅಂತ ಅದನ್ನ ನಿಲ್ಸಿದ್ದೆ. ಅದು ಎರಡ್ನೇದು. ಮೂರ್ನೇದು...” ಎಂದು ಜೇಬಿನಿಂದ ಪಟ್ಟಿಯನ್ನು ತೆಗೆದು ಬಿಡಿಸಿದ. ಹರಿದು ಎರಡಾಗಿದ್ದ ಹಾಳೆಯೊಂದನ್ನು ಜೋಡಿಸಿ ಹಿಡಿದ. “ಓದಕ್ಕಾಗದೇ ಇದ್ರೆ ಸೊನ್ನೆ ತುಂಬಿಸು, ದೀಪ ಹಸಿರು ತೋರ್ಸು ಅಂತ ನಾನು ಬರ್ದೆ. ಮುನ್ನೂರ ಏಳು ಜಾಗ. ತಾರೀಕು ಇದೆ. ಅಕ್ಕಂದು ಹತ್ತೊಂಬತ್ತು ತಿಂಗಳ ಹಿಂದಿಂದು. ಪ್ಲಗ್ ಕಿತ್ತಿದ್ದು ಹೋದ ತಿಂಗಳು. ಅವತ್ತಿನ ತಾರೀಕಿಗೆ ಒಂದು ಸಾಲೂ ಇಲ್ಲ.”

ಮೌನದ ಮೇಡಂ ಹಾಳೆಯ ಮೇಲೆ ಬಗ್ಗಿದರು. “ಹಾಗಾದ್ರೆ ಆ ಐದೂವರೆ ಸೆಕೆಂಡು?” “ನನ್ನ ತುಂಡಿನ ಅಳತೆ ಮೇಡಂ.” “ಬಂದರಿನವರದ್ದು?” “ಅದೂ ನಂದೇ.” “ಆ ಅಜ್ಜ, ಮಗನ ವಿಷಯ ಬಂದಾಗ...” ಅವನು ಪಟ್ಟಿಯಲ್ಲಿ ಬೆರಳಾಡಿಸಿ ಹುಡುಕಿ ತಲೆಯಾಡಿಸಿದ. ಮೇಡಂ ಏನೂ ಹೇಳಲಿಲ್ಲ. ಅವನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದ. ಆರು, ಏಳು, ಎಂಟು, ಇದು ನಿಜವಾದದ್ದು. ಅವರ ನಲವತ್ತೊಂದು ಪುಟವೂ ಈಗ ಆ ಖಾಲಿ ತಟ್ಟೆಯಲ್ಲಿತ್ತು. ಅವರ ಬಗ್ಗೆ ಅವನಿಗೆ ಕನಿಕರ ಹುಟ್ಟಿತು. ಆ ಕನಿಕರ ಎಷ್ಟು ಹಿತವಾಗಿತ್ತೆಂದರೆ, ತಾನು ಯಾರ ಮೇಲೋ ಕನಿಕರಪಡುವ ಸ್ಥಾನದಲ್ಲಿದ್ದೇನೆಂದು ಒಂದು ಕ್ಷಣ ನಂಬಿಬಿಟ್ಟ. ದೊಡ್ಡವರು ತುಟಿಯ ಮೇಲಿನ ಪುಡಿ ಕೊಡವಿ, ಹೆಗಲ ಮೇಲೆ ಕೈಯಿಟ್ಟ ದಿನದ ಅದೇ ಬೆಚ್ಚನೆಯ ದನಿಯಲ್ಲಿ ಹೇಳಿದರು: “ಒಳ್ಳೇದಾಯ್ತು ಬಿಡಿ, ಎಲ್ಲ ಮನಸ್ಸು ಬಿಚ್ಚಿ ಮಾತಾಡಿದ್ವಿ. ನಡಾವಳೀಲಿ ಬಂದಿದೆ. ಇನ್ನು ಏಳೋಣ.” ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಏಳುತ್ತಿದ್ದರು, ಅವನೂ ಅರ್ಧ ಎದ್ದಿದ್ದ. ಗುಮಾಸ್ತ ಪುಸ್ತಕ ಮುಚ್ಚುವುದನ್ನು ಕಂಡು ಅವನಿಗೆ ಎಲ್ಲಿಂದ ಬಂತೋ, “ಬರೆದಿದ್ದನ್ನ ಓದಿ” ಎಂದ.

“ಯಾಕೆ?” ಎಂದ ಗುಮಾಸ್ತ. “ನಮ್ಮ ಕೆಲಸದ ಪದ್ಧತಿ. ಏನು ಬರೆದ್ರೂ ಆ ಕೂಡ್ಲೇ ಒಂದ್ಸಲ ಓದಿ ನೋಡ್ಬೇಕು, ಬರೆದಿದ್ದೇ ಕೂತಿದ್ಯಾ ಅಂತ.” ಗುಮಾಸ್ತ ದೊಡ್ಡವರ ಮುಖ ನೋಡಿ ಓದಿದ: “ತಾಂತ್ರಿಕ ವಿಷಯಗಳ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು.” ಅಷ್ಟೇ ಇತ್ತು. ಅವನು ಪೂರ್ತಿ ಕೂತ. “ಇದು ಸೊನ್ನೆ. ಮತ್ತೆ ಬರೀರಿ.” ಎರಡನೆಯ ಸಲ ಓದಿದಾಗ “ಸದರಿ ತಂತ್ರಜ್ಞರು ಕೆಲವು ಅಂಶಗಳನ್ನು ಸಭೆಯ ಗಮನಕ್ಕೆ ತಂದರು” ಎಂದಿತ್ತು. “ಯಾವ ಅಂಶ? ತಪ್ಪು ನಂದು ಅಂತ ಹೇಳಿದ್ನಲ್ಲ, ಅದೆಲ್ಲಿ?” ಮೂರನೆಯ ಸಲಕ್ಕೆ “ತಪ್ಪು ಸಂಭವಿಸಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು” ಎಂದಾಗ ಅಕ್ಕ “ಯಾರು ಸತ್ರು ಅಂತ ಕೇಳಿದ್ರೆ ಮನೆ ಮುಂದೆ ಜನ ಸೇರಿದ್ರು ಅಂತಾನಲ್ಲ ಇವನು” ಎಂದಳು. ಗುಮಾಸ್ತ ನೊಂದುಕೊಂಡು ಹೇಳಿದ, “ಇಪ್ಪತ್ತಾರು ವರ್ಷದಿಂದ ನಡಾವಳಿ ಬರೀತಿದ್ದೀನಿ ತಾಯಿ, ಒಂದ್ಸಲನೂ ಯಾರೂ ತಪ್ಪು ಮಾಡಿದ್ದು ಅದ್ರಲ್ಲಿ ಬಂದಿಲ್ಲ. ನನಗೆ ಆ ವಾಕ್ಯ ಅಭ್ಯಾಸಾನೇ ಇಲ್ಲ.” ಅವನು ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಟ್ಟ: ತಪ್ಪು ನನ್ನದು. ಅಕ್ಕನದಲ್ಲ. ಹಾಗೆ ಹೇಳಿಕೊಡುವಾಗ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ, ಹೇಳಬಾರದು, ಚಿಕ್ಕ ಮಗು ಮೊದಲ ಸಲ ಹಟ ಹಿಡಿದಾಗಿನ ಸಂತೋಷ. ದೊಡ್ಡವರು ಗಡಿಯಾರ ನೋಡಿಕೊಂಡರು, ಒಂದು ಗಂಟೆಗೆ ಗಣ್ಯರು ಬರುವವರಿದ್ದರು. “ಆ ನಿಯಮ ಯಾರ ಒತ್ತಡಕ್ಕೆ ಬರ್ದಿದ್ದು ಅಂತ್ಲೂ ಹಾಕಿಸ್ತೀರೇನು?” ಎಂದರು ಹಲ್ಲು ಕಚ್ಚಿ. ಅಲ್ಲಿಯವರೆಗೆ ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ. “ಹೂಂ” ಎಂದ. ಆಡಿದ ಮೇಲೆ ಅದನ್ನು ತಾನೇ ಕೇಳಿಸಿಕೊಂಡು, ಹೌದು, ಇದು ಕೇಳಿಸಿಕೊಂಡು ಅಂದದ್ದೇ ಎಂದು ಖಾತ್ರಿಮಾಡಿಕೊಂಡು, ಮತ್ತೊಮ್ಮೆ ಅಂದ. ಗುಮಾಸ್ತ ನಾಲ್ಕನೆಯ ಸಲ ಬರೆದು ಓದಿದ. ಸದರಿ ಎಂಬ ಪದ ಮೂರು ಕಡೆ ಉಳಿದಿತ್ತು, ಅದೊಂದನ್ನು ಅವನು ಬಿಟ್ಟುಕೊಟ್ಟ. ದೊಡ್ಡವರು ಸಹಿ ಹಾಕಿ, ಪೆನ್ನಿನ ಟೋಪಿ ಹಾಕದೆ ಮೇಜಿನ ಮೇಲೆ ಎಸೆದು, “ಆಕೆ ಕೆಲಸಕ್ಕೆ ಹೋಗ್ಲಿ. ನೀವು ನಾಳೆಯಿಂದ ಆ ರ‍್ಯಾಕ್ ಮುಟ್ಟಂಗಿಲ್ಲ. ಆ ಮುನ್ನೂರ ಏಳು ಜಾಗದಲ್ಲಿ ಮಾತಾಡಿದವರ ಮನೆ ಬಾಗಿಲಿಗೆ ಹೋಗಿ, ಅಲ್ಲಿ ಏನು ಹೇಳಿದ್ರಿ ಅಂತ ಕೇಳ್ಕೊಂಡು, ಬರ್ಕೊಂಡು ಬನ್ನಿ. ಅದೇ ನಿಮ್ಮ ಕೆಲಸ” ಎಂದು ಹೊರಟುಹೋದರು. ಮೇಡಂ ಹೋಗುವಾಗ ಅವನ ಮುಂದೆ ಒಂದು ಗಳಿಗೆ ನಿಂತರು, ಏನೋ ಹೇಳಹೊರಟು ಸುಮ್ಮನಾಗಿ ನಡೆದರು. ಆ ಮೌನವನ್ನು ಅವನು ಎಣಿಸಲಿಲ್ಲ.

ಕೋಣೆ ಖಾಲಿಯಾಯಿತು. ಅವನು ಕೂತೇ ಇದ್ದ. ಅಕ್ಕ ಹೊರಗೆ ಹೋಗಿ ಬಕೆಟ್ಟು ತಂದಳು. ತನಗೆ ಈಗ ಒಂದು ಒಳ್ಳೆಯ ಮಾತು ಸಿಗುತ್ತದೆಂದು ಅವನು ಕಾದ. ಎಂಥ ನೀಚ ಆಸೆ ಇದು ಎಂದು ಬೈದುಕೊಂಡ, ಬೈದುಕೊಳ್ಳುತ್ತಲೇ ಮುಖವನ್ನು ಆ ಮಾತಿಗೆ ತಕ್ಕಂತೆ ಸ್ವಲ್ಪ ಬಾಗಿಸಿಯೂ ಇಟ್ಟುಕೊಂಡ. “ಕಾಲೆತ್ತಿ” ಎಂದಳು ಅಕ್ಕ. ಎತ್ತಿದ. ಬಿಸ್ಕತ್ತಿನ ಪುಡಿಯ ಮೇಲೆ ಬಟ್ಟೆ ಎಳೆಯುತ್ತ ಅವಳು ಕೇಳಿದಳು, “ಪತ್ರ ಬಂದು ಎಂಟು ದಿನ ಆಯ್ತು. ಎಂಟೂ ದಿನ ಆ ಹಾಳೆ ನಿಮ್ಮ ಜೇಬಲ್ಲೇ ಇತ್ತಾ?” ಅವನು ತಲೆಯಾಡಿಸಿದ. “ದಿನಾ ಮೆಟ್ಟಿಲ ಮೇಲೆ ನನ್ನ ದಾಟ್ಕೊಂಡೇ ಹೋದ್ರಿ.” ಅಲ್ಲಿಗೆ ಸೊನ್ನೆ ತುಂಬಿಸಲು ಅವನಿಗೆ ಮನಸ್ಸು ಬರಲಿಲ್ಲ. ಕಾಲು ಇಳಿಸಹೋದ. “ಇಳಿಸ್ಬೇಡಿ, ಒಣಗ್ಲಿ.” ತೊಡೆ ನಡುಗುವಂತೆ ಎರಡೂ ಕಾಲನ್ನು ಗಾಳಿಯಲ್ಲಿ ಹಿಡಿದು, ಕೈಗೆ ಸಿಕ್ಕ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ದೊಡ್ಡವರು ಎಸೆದುಹೋದ ಪೆನ್ನಿನಿಂದ ಮೇಲೆ ನೂರ ಹದಿನೆಂಟು ಎಂದು ಬರೆದ. “ಅಕ್ಕ, ನಿಮ್ಮಿಂದಾನೇ ಶುರು ಮಾಡ್ತೀನಿ. ಆ ಮೇಸ್ತ್ರಿ ಮುಂದೆ ನಿಂತು ಏನಂದ್ರಿ?” ಅಕ್ಕ ಒರೆಸುಕೋಲನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ನೆಟ್ಟಗೆ ನಿಂತು ಶುರುಮಾಡಿದಳು. ನಿನ್ನ ನಾಲಿಗೆ ಸೇದಿಹೋಗ ಎಂಬಲ್ಲಿಂದ ಹೊರಟು, ನಿನ್ನ ಬಾಯಿಗೆ ಮಣ್ಣು ಬೀಳ ಎಂಬುದನ್ನು ದಾಟಿ, ಮೇಸ್ತ್ರಿಯ ತಾತನ ಮೀಸೆ, ಅಜ್ಜಿಯ ತಂಬಿಗೆ, ಇನ್ನೂ ಹುಟ್ಟದ ಮೊಮ್ಮಗನ ಕಕ್ಕಸು ಎಲ್ಲದರ ಮೇಲೂ ಹಾದು ಹೋಯಿತು ಆ ಮೆರವಣಿಗೆ. ಐದೂವರೆ ಸೆಕೆಂಡು ಯಾವಾಗಲೋ ಮುಗಿದಿತ್ತು. ಅವನು ಬೆವರುತ್ತ ಬರೆದ, ಹಾಳೆ ತುಂಬಿ ಮಗುಚಿದ, ಹಿಂಬದಿಯೂ ಮುಕ್ಕಾಲು ತುಂಬಿತು. ಪದ್ಧತಿಯಂತೆ ಬರೆದದ್ದನ್ನು ಓದಹೊರಟಾಗ ಅಕ್ಕ ಬಕೆಟ್ಟು ಎತ್ತಿಕೊಂಡು ಬಾಗಿಲಿಗೆ ಹೋಗಿದ್ದಳು. “ಕೊನೇ ಎರಡು ಮೇಸ್ತ್ರಿಗಲ್ಲ” ಎಂದಳು ತಿರುಗಿ. “ಅವು ನಿಮಗೆ. ಬೇರೆ ಹಾಳೇಲಿ ಬರ್ಕೊಳ್ಳಿ.”